ಶುಂಠಿ ಕೊಳೆ: ಮಳೆಗೆ ಮುಂಚೆಯೇ ನಾನು ಮಾಡುವ ಕೆಲಸ

ಜುಲೈ ತಿಂಗಳಲ್ಲಿ ಫೋನ್ ಬಂದರೆ ವಿಷಯ ಹೆಚ್ಚಾಗಿ ಒಂದೇ. "ಅಣ್ಣ, ಶುಂಠಿ ಹಳದಿ ಆಗ್ತಿದೆ. ಟ್ರೈಕೊಡರ್ಮಾ ಸುರಿದ್ರೆ ನಿಲ್ಲುತ್ತಾ?" ನಿಲ್ಲುವುದಿಲ್ಲ. ಟ್ರೈಕೊಡರ್ಮಾ ಅಂದರೆ ಕೊಳೆ ರೋಗಾಣುವನ್ನು ತಡೆಯುವ ಒಳ್ಳೆಯ ಶಿಲೀಂಧ್ರ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ಗಡ್ಡೆ ಕೊಳೆಯಲು ಶುರುವಾದ ಮೇಲೆ ಏನು ತಂದು ಸುರಿದರೂ ಆ ಗಿಡ ಉಳಿಯುವುದಿಲ್ಲ. ಸೂಕ್ಷ್ಮಜೀವಿಗಳಿಗೆ ಮಣ್ಣಿನಲ್ಲಿ ಬೇರೂರಲು ಸಮಯ ಬೇಕು, ತಿನ್ನಲು ಗೊಬ್ಬರ ಬೇಕು. ಕೊಡಗಿನ ಸುಂಟಿಕೊಪ್ಪದ ಕಡೆ ಗದ್ದೆಯಲ್ಲಿ ಶುಂಠಿ ಬೆಳೆಯುವ ನಾನು ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುತ್ತೇನೆ.

ಮೊದಲು ಕೊಟ್ಟಿಗೆ ಗೊಬ್ಬರ. ಚೆನ್ನಾಗಿ ಕಳಿತ, ಬಿಸಿ ಆರಿದ ಗೊಬ್ಬರವೇ ಆಗಬೇಕು. 100 ಕೆಜಿ ಗೊಬ್ಬರಕ್ಕೆ 1 ಕೆಜಿ ಟ್ರೈಕೊಡರ್ಮಾ ಪುಡಿ, ಜೊತೆಗೆ 10 ಕೆಜಿ ಬೇವಿನ ಹಿಂಡಿ ಬೆರೆಸಿ ನೆರಳಿನಲ್ಲಿ ರಾಶಿ ಹಾಕುತ್ತೇನೆ. ಮೇಲೆ ಒದ್ದೆ ಗೋಣಿಚೀಲ. ತೇವ ಎಷ್ಟಿರಬೇಕು ಅಂದರೆ, ಹಿಡಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ನಡುವೆ ಒಮ್ಮೆ ಮಗುಚುತ್ತೇನೆ. ಗೋಣಿ ಎತ್ತಿ ನೋಡಿದರೆ ಮೊದಲು ಬಿಳಿ ನೂಲಿನಂಥ ಎಳೆಗಳು ಕಾಣುತ್ತವೆ, ಆಮೇಲೆ ಅಲ್ಲಲ್ಲಿ ಹಸಿರು ಪುಡಿ ಮೂಡುತ್ತದೆ. 15 ದಿನಕ್ಕೆ ರಾಶಿ ತಯಾರು. ಆ ಹಸಿರು ಕಂಡರೆ ನನಗೆ ಈಗಲೂ ಖುಷಿ. ಪ್ಯಾಕೆಟ್‌ನಲ್ಲಿ ಬಂದ ಒಂದು ಕೆಜಿ ಇಡೀ ರಾಶಿಗೆ ಹಬ್ಬಿರುತ್ತದೆ, ಅಲ್ವಾ?

ಪ್ಯಾಕೆಟ್ ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಒಳಗಿರುವುದು ಜೀವ. ಅಂಗಡಿಯ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಬೆಂದ ಪುಡಿಯಿಂದ ಏನೂ ಪ್ರಯೋಜನ ಇಲ್ಲ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಕಣ ಇರಬೇಕು ಅಂತ ನಿಯಮ ಇದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಒಳ್ಳೆಯ ಪುಡಿ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ.

ಬಿತ್ತನೆ ಶುಂಠಿಯನ್ನು ಲೀಟರಿಗೆ 20 ಗ್ರಾಂ ಸ್ಯೂಡೊಮೊನಾಸ್ (ರೋಗ ತಡೆಯುವ ಬ್ಯಾಕ್ಟೀರಿಯಾ) ಪುಡಿ ಕಲಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಿನಲ್ಲಿ ಆರಿಸಿ ನಾಟಿ ಮಾಡುತ್ತೇನೆ. ನಾಟಿ ಗುಂಡಿಗೆ ಒಂದೊಂದು ಹಿಡಿ ಆ ಟ್ರೈಕೊಡರ್ಮಾ ಗೊಬ್ಬರ. ಮೇಲೆ ಸೊಪ್ಪಿನ ಹೊದಿಕೆ. ಬೆಡ್ ಒಂದು ಅಡಿ ಎತ್ತರ, ನಡುವೆ ಆಳವಾದ ಚರಂಡಿ. ಈ ಚರಂಡಿ ಬಗ್ಗೆ ನಾನು ಯಾರ ಹತ್ತಿರವೂ ರಾಜಿ ಆಗುವುದಿಲ್ಲ. ಕೊಳೆ ತರುವ ಪಿಥಿಯಂ ಎಂಬ ರೋಗಾಣು ನೀರಿನಲ್ಲಿ ಈಜಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ. ನನ್ನ ಗದ್ದೆಯ ಕೆಳಗಿನ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಎಷ್ಟೇ ಟ್ರೈಕೊಡರ್ಮಾ ಕೊಟ್ಟರೂ ಅಲ್ಲಿ ಕೊಳೆ ಬರುತ್ತದೆ. ಅದಕ್ಕೇ ಆ ಮೂಲೆಗೆ ಈಗ ಶುಂಠಿ ಹಾಕುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದೆರಡು ಗಿಡ ಬಾಡಬಹುದು. ಆಗ ಯಾವ ರೋಗ ಅಂತ ಗುರುತಿಸುವುದು ಮುಖ್ಯ. ಪಿಥಿಯಂ ಕೊಳೆಯಾದರೆ ಕೆಳಗಿನ ಎಲೆ ಅಂಚಿನಿಂದ ಹಳದಿ ಆಗುತ್ತದೆ, ಕಾಂಡ ಎಳೆದರೆ ಸುಲಭವಾಗಿ ಕಿತ್ತು ಬರುತ್ತದೆ. ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದಲ್ಲಿ ಎಲೆ ಸುರುಳಿ ಸುತ್ತಿಕೊಂಡು, ಇನ್ನೂ ಹಸಿರಿರುವಾಗಲೇ ಗಿಡ ಬಾಡುತ್ತದೆ. ಅನುಮಾನ ಇದ್ದರೆ ಕಾಂಡದ ಬುಡದಿಂದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವ ಹಾಗೆ ಹಿಡಿಯಿರಿ. ಅಲುಗಾಡಿಸಬೇಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಬಿಳಿ ಎಳೆ ಕೆಳಕ್ಕೆ ಇಳಿದರೆ ಅದು ದುಂಡಾಣು.

ಕೊಳೆಯಾದರೆ ಗಿಡವನ್ನು ಮಣ್ಣಿನ ಸಮೇತ ಕಿತ್ತು ಹೊರಗೆ ಹಾಕಿ, ಸುತ್ತಲಿನ ಗಿಡಗಳ ಬುಡಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಕಲಸಿ ಸುರಿಯುತ್ತೇನೆ. ಹೌದು, ರಾಸಾಯನಿಕವೇ. ಆದರೆ ಅಷ್ಟು ಜಾಗಕ್ಕೆ ಮಾತ್ರ. ಎರಡು ವಾರ ಬಿಟ್ಟು ಅಲ್ಲಿಗೆ ಮತ್ತೆ ಟ್ರೈಕೊಡರ್ಮಾ ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದರೆ ಸೂಕ್ಷ್ಮಜೀವಿಗೆ ಕೊಟ್ಟ ದುಡ್ಡು ಸುಮ್ನೆ ಹಾಳು.

ದುಂಡಾಣು ಬಂದರೆ ಕಥೆ ಬೇರೆ. ಅದಕ್ಕೆ ಟ್ರೈಕೊಡರ್ಮಾ ನೆಚ್ಚಿಕೊಳ್ಳಬೇಡಿ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಈ ರೋಗಕ್ಕೆಂದೇ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾವನ್ನು ತಯಾರು ಮಾಡಿದೆ. ಅದನ್ನೂ ರೋಗ ಬರುವ ಮುಂಚೆಯೇ ಕೊಡಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗೂ ಇದೇ ಜಾತಿಯ ದುಂಡಾಣು ತಗಲುವುದರಿಂದ, ಅವು ಬೆಳೆದ ಜಾಗದಲ್ಲಿ ನಾನು ಶುಂಠಿ ಹಾಕುವುದಿಲ್ಲ. ಶುಂಠಿ ತೆಗೆದ ಗದ್ದೆಗೆ ಮುಂದಿನ ವರ್ಷ ಭತ್ತ.

ಬಿತ್ತನೆಯನ್ನು ಮಾತ್ರ ಹೊರಗಿನಿಂದ ತರುವುದು ಪೂರ್ತಿ ನಿಲ್ಲಿಸಿದ್ದೇನೆ. ಮಳೆಗಾಲದಲ್ಲೇ ಒಂದು ಗಿಡವೂ ಬಾಡದ ಬೆಡ್‌ಗಳಿಗೆ ಕೋಲು ನೆಟ್ಟು ಗುರುತು ಮಾಡುತ್ತೇನೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ಆ ಬೆಡ್‌ಗಳನ್ನು ಬೇರೆಯಾಗಿ ಅಗೆದು, ಗಾಯ ಆಗದ ಗಡ್ಡೆಗಳನ್ನಷ್ಟೇ ಬಿತ್ತನೆಗೆ ಎತ್ತಿಡುತ್ತೇನೆ.