ಮೂರು ಚೌಕ, ಒಂದು ಕಂಪನಿ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವನು ನಾನು. ಕಂಪನಿ ಹೆಸರಿನ ಬಾಲಗಳೆಲ್ಲ ನನಗೆ ಬಾಯಿಪಾಠ. ಆದರೂ ಇಂಗ್ಲಿಷ್ ಪದಬಂಧದಲ್ಲಿ ‘ಬಿಸಿನೆಸ್ ಅಬ್ರಿವಿಯೇಷನ್’ (ವ್ಯಾಪಾರದ ಹ್ರಸ್ವರೂಪ) ಅನ್ನೋ ಸುಳಿವು, ಮೂರು ಚೌಕ ಕಂಡೊಡನೆ ಪೆನ್ನಲ್ಲೇ ಎಲ್‌ಟಿಡಿ (ಲಿಮಿಟೆಡ್) ಗೀಚಿ ಒಂದು ಮೂಲೆಯನ್ನೆಲ್ಲ ಕೆಡಿಸಿಕೊಂಡೆ. ಉತ್ತರ ಐಎನ್‌ಸಿ (ಇನ್‌ಕಾರ್ಪೊರೇಟೆಡ್) ಆಗಿತ್ತು. ಅಂದಿನಿಂದ ಪೆನ್ಸಿಲ್ಲೇ.

ಮೊದಲು ಚೌಕ ಎಣಿಸಿ. ಎರಡಿದ್ದರೆ ಬಹುಪಾಲು ಸಿಒ (ಕಂಪನಿ), ನಾಲ್ಕಿದ್ದರೆ ಸಿಒಆರ್‌ಪಿ (ಕಾರ್ಪೊರೇಷನ್). ಮೂರಿದ್ದರೇ ತಲೆನೋವು. ಪದಬಂಧ ಅಮೆರಿಕದ್ದಾದರೆ ಐಎನ್‌ಸಿ ಅಥವಾ ಎಲ್‌ಎಲ್‌ಸಿ (ಲಿಮಿಟೆಡ್ ಲಯಬಿಲಿಟಿ ಕಂಪನಿ), ಬ್ರಿಟನ್ನಿನದಾದರೆ ಎಲ್‌ಟಿಡಿ ಇಲ್ಲವೇ ಪಿಎಲ್‌ಸಿ (ಪಬ್ಲಿಕ್ ಲಿಮಿಟೆಡ್ ಕಂಪನಿ). ಅಡ್ಡ ಹಾಯುವ ಪದವೊಂದು ಸಿಗುವ ತನಕ ಕೈಕಟ್ಟಿ ಕೂರಿ. ಕೊನೆಗೆ ಡಿ ಬಂದರೆ ಎಲ್‌ಟಿಡಿ. ಸಿ ಬಂದರೆ ನಡುವಿನ ಅಕ್ಷರ ನೋಡಿ: ಎನ್ ಇದ್ದರೆ ಐಎನ್‌ಸಿ, ಎಲ್ ಇದ್ದರೆ ಮೊದಲ ಅಕ್ಷರಕ್ಕೂ ಕಾಯಬೇಕು, ಬೇರೆ ದಾರಿಯಿಲ್ಲ. ಸುಳಿವಿನಲ್ಲೇ ಯಾವುದಾದರೂ ಪದ ಮೊಟಕಾಗಿದ್ದರೆ ಉತ್ತರವೂ ಮೊಟಕು.

ಒಗಟಿನಂಥ ಕ್ರಿಪ್ಟಿಕ್ ಪದಬಂಧದಲ್ಲಿ ಈ ಸಿಒ ದೊಡ್ಡ ಪದದೊಳಗೆ ಅವಿತಿರುತ್ತದೆ. ನಾನೇ ಹೆಣೆದ ಸುಳಿವು ನೋಡಿ: ‘ಫರ್ಮ್, ಲೌಡ್ ಚಾರ್ಜ್ ಫಾರ್ ಎ ಡ್ರಿಂಕ್’, ಆರು ಅಕ್ಷರ. ಫರ್ಮ್ ಅಂದರೆ ಸಿಒ. ಪಾಶ್ಚಾತ್ಯ ಸಂಗೀತದಲ್ಲಿ ಜೋರಾಗಿ ಅನ್ನಲು ಎಫ್. ಚಾರ್ಜ್ ಅಂದರೆ ಎಫ್‌ಇಇ. ಕೂಡಿಸಿದರೆ ಕಾಫಿ! ಹೆಮ್ಮೆಯಿಂದ ಮನೆಯವಳಿಗೆ ತೋರಿಸಿದೆ. “ಡಿಕಾಕ್ಷನ್ ಇಳಿದು ಆರ್ತಾ ಇದೆ, ಮೊದಲು ಅದನ್ನ ಕುಡೀರಿ” ಅಂದ್ಲು.