ಹಳೆಯ ವಿ8 ಪಿಕಪ್ಪಿನ ಮೈಲೇಜ್ ಕುಸಿದಿದ್ದರೆ

ಅಮೆರಿಕದಲ್ಲಿ ತೊಂಬತ್ತರ ದಶಕದ ವಿ8 (ಎಂಟು ಸಿಲಿಂಡರಿನ ಎಂಜಿನ್) ಪೆಟ್ರೋಲ್ ಪಿಕಪ್ ಇಟ್ಟುಕೊಂಡಿರುವವರು, ಮೈಲೇಜ್ ಇಳಿದೊಡನೆ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಾಧನ) ಬದಲಿಸಲು ಹೊರಡುವ ಮುನ್ನ ಲೆಕ್ಕವನ್ನೇ ಒಮ್ಮೆ ಪರಿಶೀಲಿಸಬೇಕು. ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದ್ದರೆ ಓಡೋಮೀಟರ್ ನಿಜವಾದ ದೂರಕ್ಕಿಂತ ಕಡಿಮೆ ತೋರಿಸುತ್ತದೆ; ಹಾಗಾಗಿ ಲೆಕ್ಕದಲ್ಲಿ ಮೈಲೇಜ್ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಅನಂತರ ನನ್ನ ಅನುಮಾನ ಹೋಗುವುದು ಅಗ್ಗದ ಥರ್ಮೋಸ್ಟಾಟಿನ ಮೇಲೆ, ಅಂದರೆ ಎಂಜಿನ್ ತಣಿಸುವ ದ್ರವದ (ಕೂಲೆಂಟ್) ಹರಿವನ್ನು ನಿಯಂತ್ರಿಸುವ ಕವಾಟದ ಮೇಲೆ. ಅದು ತೆರೆದೇ ಸಿಕ್ಕಿಕೊಂಡಿದ್ದರೆ, ಇಪ್ಪತ್ತು ನಿಮಿಷ ಓಡಿಸಿದರೂ ತಾಪಮಾನದ ಮುಳ್ಳು ಎಂದಿನ ಮಟ್ಟಕ್ಕೆ ಏರುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸುವ ಕಂಪ್ಯೂಟರ್ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. 1996 ಅಥವಾ ಅನಂತರದ ಅರ್ಧ ಟನ್ (ಹಗುರ ವರ್ಗದ) ಪಿಕಪ್ ಆದರೆ ಒಬಿಡಿ-2 ಸ್ಕ್ಯಾನರಿನಲ್ಲಿ (ವಾಹನದ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಕೂಲೆಂಟಿನ ತಾಪವನ್ನು ನೇರವಾಗಿ ನೋಡಬಹುದು. ಹೆಚ್ಚು ಬ್ರೇಕ್ ಒತ್ತದೆ ಹತ್ತು ಮೈಲಿ ಓಡಿಸಿ ನಿಲ್ಲಿಸಿದ ಮೇಲೆ, ನಾಲ್ಕೂ ಚಕ್ರಗಳ ಬಳಿ ಕೈಯೊಡ್ಡಿ ನೋಡಿ (ಮುಟ್ಟಬೇಡಿ, ಸುಟ್ಟೀತು): ಒಂದು ಮಾತ್ರ ವಿಪರೀತ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆಯೇ ಹೆಚ್ಚು.