ಫೋನ್‌ನಾಗ ಓದಿದ ಮಂದೀನ ಮೋರೇರ ಗುಡ್ಡ ಹತ್ತಿಸಿದ್ದು: ನನ್ನ ಅನುಭವ

ನಮ್ಮ ಕೊಪ್ಪಳ ಜಿಲ್ಲೆ ಜಾಗಗಳ ಬಗ್ಗೆ ಒಂದು ಸಣ್ಣ ವೆಬ್‌ಸೈಟ್ ನಡಸ್ತೀನಿ. ಮೊದಲೆರಡು ವರ್ಷ ಇಟಗಿ ಮಹಾದೇವ ಗುಡಿ, ಆನೆಗೊಂದಿ, ಗವಿಮಠದ ಅಶೋಕನ ಶಾಸನ ಅಂತ ಬರದು ಫೋಟೋ ಹಾಕಿದ್ದ ಹಾಕಿದ್ದು, ಮಂದಿ ಓದ್ತಿದ್ರು, ಶೇರ್ ಮಾಡ್ತಿದ್ರು, ಅಷ್ಟಕ್ಕ ಮುಗೀತಿತ್ತು.

ಒಮ್ಮೆ ಹಿರೇಬೆಣಕಲ್‌ಗೆ ಹೋದಾಗ ಕುರಿ ಮೇಯಿಸೋ ಅಜ್ಜಾರೊಬ್ರನ್ನ ಕೇಳಿದೆ, ಇಲ್ಲಿ ಮೋರೇರ ಗುಡ್ಡ ನೋಡಾಕ ಯಾರರ ಬರ್ತಾರೇನ್ರಿ ಯಜ್ಜಾ ಅಂತ. "ಬರ್ತಾರಪ್ಪ, ದಾರಿ ಸಿಗದ ಅರ್ಧಕ್ಕ ಹೊಳ್ಳಿ ಹೋಗ್ತಾರ" ಅಂದ್ರು. ಮನಿಗೆ ಬಂದು ನಾ ಬರದಿದ್ದು ನಾನ ತಗದು ನೋಡಿದೆ. ಬೃಹತ್ ಶಿಲಾಯುಗದ ಕಲ್ಲಿನ ಗೋರಿ, ಬಡಿದ್ರ ಸದ್ದು ಮಾಡೋ ನಗಾರಿ ಕಲ್ಲು, 2021ರಾಗ ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿ ಸೇರಿದ್ದು ಎಲ್ಲಾ ಇತ್ತು, ಆದ್ರ ಬಸ್ ಎಲ್ಲಿ ಇಳೀಬೇಕು, ಗಾಡಿ ಎಲ್ಲಿ ನಿಲ್ಲಸ್ಬೇಕು, ನೀರು ಎಷ್ಟು ಒಯ್ಯಬೇಕು ಅನ್ನೋದು ಒಂದು ಸಾಲೂ ಇರ್ಲಿಲ್ಲ.

ಅವತ್ತ ರಾತ್ರಿನ ಕುಂತು ತಿದ್ದಿದೆ. ದಾರಿ ಕವಲೊಡೆಯೋ ಕಡೆಲ್ಲಾ ಫೋಟೋ, ತಲಿಗೆ ಎರಡು ಲೀಟರ್ ನೀರು, ಮುಂಜಾನೆ ಆರಕ್ಕ ಹತ್ತಾಕ ಶುರು ಮಾಡ್ರಿ, ನೆರಳಿಲ್ಲ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಾಗ ಒಂದು ತಾರೀಖು: ತಿಂಗಳ ಎರಡನೇ ಭಾನುವಾರ, ಊರ ಬಸ್ ಸ್ಟಾಪ್, ನಾನ ನಿಂತಿರ್ತೀನಿ.

ಮೊದಲ ಸಲ ಮೂವತ್ತರ ಮ್ಯಾಲೆ ಹೆಸರು ಬಂದ್ವು, ಬಂದವ್ರು ಆರ ಮಂದಿ. ಮನಸ್ಸಿಗೆ ಭಾಳ ಬ್ಯಾಸರಾತು. ಮುಂದಿನ ತಿಂಗಳಿಂದ ಶನಿವಾರ ಸಂಜೀಕ ಒಬ್ಬೊಬ್ರಿಗೂ ನಾನ ಫೋನ್ ಹಚ್ಚಾಕ ಶುರು ಮಾಡಿದೆ, "ಅಕ್ಕಾರ, ನಾಳೆ ಬರ್ತೀರಲ್ರಿ, ಬುತ್ತಿ ಕಟ್ಕೊಂಡ್ ಬರ್ರಿ" ಇಷ್ಟ, ಎರಡು ನಿಮಿಷದ ಮಾತು. ಆಮ್ಯಾಲ ಹೆಸರು ಕೊಟ್ಟವ್ರಾಗ ಮುಕ್ಕಾಲು ಮಂದಿ ಬರಾಕ ಹತ್ತಿದ್ರು. ಮೆಸೇಜ್ ಕಳಿಸಿದ್ರ ಹಿಂಗ ಆಗಂಗಿಲ್ಲ, ನಾ ಅದನ್ನೂ ಮಾಡಿ ನೋಡೀನಿ, ದನಿ ಕೇಳಿದ್ಮ್ಯಾಲ ಮಂದಿಗೆ ಯಾರೋ ನಮ್ಮನ್ನ ಕಾಯಾಕತ್ಯಾರ ಅನಸ್ತೈತಿ.

ಕಟ್ಟಿಗಿ ಗೊಂಬಿ ಮಾಡೋ ಊರು ಕಿನ್ನಾಳದ್ದು ಬ್ಯಾರೆ ಪಾಠ. ಗೊಂಬಿ ಆನ್‌ಲೈನ್ ಸಿಗ್ತಾವೇನು ಅಂತ ಕೇಳೋರ ಜಾಸ್ತಿ. ನಾ ಗೊಂಬಿ ಮಾಡೋ ಚಿತ್ರಗಾರರ ಮನಿಗೆ ಹೋಗಿ ಮೊದಲ ಅವ್ರನ್ನ ಕೇಳಿದೆ, ಮಂದೀನ ಕರಕೊಂಡ್ ಬರ್ಲೇನ್ರಿ ಅಂತ. ಗುಂಪು ಬಂದ್ರ ಕೆಲಸ ನಿಲ್ತೈತಿ, ಎಂಟ ಮಂದಿ ಸಾಕು ಅಂದ್ರು, ಹೊತ್ತೂ ಅವರ ಹೇಳಿದ್ರು. ಹಂಗಾಗಿ ಎಂಟ ಹೆಸರಾದ ಕೂಡ್ಲೆ ಫಾರ್ಮ್ ಬಂದ್ ಆಗಂಗ ಮಾಡೀನಿ, ಅವ್ರ ನಂಬರ್ ಎಲ್ಲೂ ಹಾಕಿಲ್ಲ. ಹಗುರ ಕಟ್ಟಿಗಿ, ಹುಣಸಿ ಬೀಜದ ಅಂಟು, ಗೊಂಬಿಗೆ ಮೆತ್ತೋ ಕಿಟ್ಟ ಅನ್ನೋ ಲೇಪ ಕಣ್ಣಾರೆ ನೋಡಿದವ್ರು ರೇಟಿಗೆ ಚೌಕಾಸಿ ಮಾಡಂಗಿಲ್ಲ, ಇದು ನಾ ಪ್ರತಿ ಸಲ ನೋಡೀನಿ.

ಹೋಗಿ ಬಂದವ್ರು ಈಗ ತಾವ ದಾರಿ ಫೋಟೋ ಕಳಿಸ್ತಾರ, ಜಾಲಿ ಬೆಳದು ಮುಚ್ಚಿದ ಕಡೆ ತಿಳಿಸ್ತಾರ, ಅವತ್ತ ತಿದ್ದತೀನಿ. ಮಾರ್ಚ್‌ನಿಂದ ಬಿಸಲು ತಡಿಯಂಗಿಲ್ಲ, ಗುಡ್ಡದ ನಡಿಗಿ ಮಳೆಗಾಲದ ತನಕ ಇಲ್ಲ. ಕಿನ್ನಾಳದ್ದು ಇರ್ತೈತಿ.